ಒಂದೇ ಮಚ್ಚು, ಮೂರು ಮರ

ಬೆಂಗಳೂರಿನ ನಮ್ಮ ಬೀದಿಯ ಅಂಗಳಗಳಲ್ಲಿ ವರ್ಷಕ್ಕೊಮ್ಮೆ ಮರಗಳಿಗೆ ಕ್ಷೌರ. ದೇವಕಣಗಿಲೆ, ಸಂಪಿಗೆ, ಹೊಳೆದಾಸವಾಳ ಎಲ್ಲಕ್ಕೂ ಒಂದೇ ದಿನ, ಒಂದೇ ಮಚ್ಚು. ‘ತಲೆ ತೆಗೆದ್ರೆ ಚಿಗುರುತ್ತೆ, ಚಿಗುರಿದ್ರೆ ಹೂ ಬಿಡುತ್ತೆ ಬಿಡಿ ಸಾರ್’ ಎಂಬುದು ಕಡಿಯುವವನ ಭರವಸೆ. ಮಾತಿನ ಮೊದಲರ್ಧ ನಿಜ. ಉಳಿದರ್ಧ ಮರ ಯಾವುದು ಎಂಬುದರ ಮೇಲೆ ನಿಂತಿದೆ.

ದೇವಕಣಗಿಲೆಯ ಗೊಂಚಲು ಮೂಡುವುದು ಕೊಂಬೆಯ ತುತ್ತತುದಿಯಲ್ಲಿ. ಹೂ ಮುಗಿದ ಮೇಲೆ ಅದರ ಕೆಳಗಿನಿಂದ ಎರಡೋ ಮೂರೋ ಕವಲೊಡೆಯುತ್ತವೆ. ಹಳೆಯ ಮರದ ಕವಲುಗಳ ಮೇಲೆ ಬೆರಳಾಡಿಸುತ್ತ ಹೋದರೆ ಹಿಂದಿನ ವರ್ಷಗಳ ಹೂವಿನ ಅಂದಾಜು ಸಿಗುತ್ತದೆ. ಬೇಸಿಗೆಯ ಹೊಸ್ತಿಲಲ್ಲಿ ಆ ತುದಿ ಹಾರಿಸಿದರೆ ಆ ವರ್ಷದ ಹೂವೂ ಹೋದಂತೆಯೇ. ನಮ್ಮ ಮರಕ್ಕೆ ಹೋದ ಫೆಬ್ರವರಿಯಲ್ಲಿ ಆದದ್ದು ಇದು. ಮಳೆಗಾಲವಿಡೀ ಬರೀ ಎಲೆ.

ಹೊಳೆದಾಸವಾಳದ ಜಾಯಮಾನ ಬೇರೆ. ಅದು ಹೊಸ ಚಿಗುರಿನ ತುದಿಗೆ ಹೂ ಬಿಡುವಂಥದ್ದು. ಎಲೆಯುದುರಿಸಿ ನಿಂತಾಗ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನಷ್ಟೇ ಸವರಿದರೆ ಒಳ್ಳೆಯದೇ. ತಲೆಯನ್ನೇ ಬೋಳಿಸಿದರೆ ಮಾತ್ರ ಮೊಂಡು ಕೊನೆಯಿಂದ ಪೊರಕೆಯ ಹಾಗೆ ಸಣಕಲು ರೆಂಬೆಗಳೆದ್ದು, ಗೊಂಚಲಿನ ಭಾರಕ್ಕೆ, ಮೊದಲ ಗಾಳಿಮಳೆಗೆ ಸಿಗಿದು ಬೀಳುತ್ತವೆ.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕತ್ತಿನ ಪಟ್ಟಿಯಂಥ ಉಬ್ಬು ಇರುತ್ತದೆ. ಅದನ್ನು ಉಳಿಸಿ ಕತ್ತರಿಸಿದರೆ ಮರ ತನ್ನ ಗಾಯವನ್ನು ತಾನೇ ಒಳಗಿನಿಂದ ಬೇಲಿ ಕಟ್ಟಿ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ತೋರಿಸಿದ್ದು ಇದನ್ನೇ. ನಾವೋ, ಉಬ್ಬನ್ನೂ ಸೇರಿಸಿ ನುಣ್ಣಗೆ ಕೊಯ್ದು, ಮೇಲೆ ಡಾಂಬರು ಬಳಿದು, ಉಪಕಾರ ಮಾಡಿದೆವೆಂದು ಕೈತೊಳೆದುಕೊಳ್ಳುತ್ತೇವೆ.

ಹೂ ಬಾರದಿದ್ದರೆ ಮುಂದಿನ ಮದ್ದು ಯೂರಿಯಾ. ಸಾರಜನಕ ಹೆಚ್ಚಾದರೆ ಮರ ಎಲೆಯಲ್ಲೇ ಮೈಮರೆಯುತ್ತದೆ. ಅದನ್ನೂ ಕಾಂಡದ ಬುಡಕ್ಕೇ ಸುರಿಯುತ್ತೇವೆ. ಉಣ್ಣುವ ಬೇರುಗಳಿರುವುದು ನೆರಳಿನ ಅಂಚಿನ ಆಸುಪಾಸಿನಲ್ಲಿ, ಮೇಲ್ಮಣ್ಣಿನಲ್ಲಿ. ಅಲ್ಲಿ ಕಾರು ನಿಲ್ಲಿಸಲು ಚಪ್ಪಡಿ ಹಾಸಿಯಾಗಿದೆ. ಎರಡು ಚಪ್ಪಡಿ ಕಿತ್ತು, ಕೊಟ್ಟಿಗೆ ಗೊಬ್ಬರದ ಮೇಲೆ ತರಗೆಲೆ ಹೊದಿಸುವುದು ಮೇಲು. ಸಂಪಿಗೆಯದಂತೂ ತಾಳ್ಮೆಯ ಲೆಕ್ಕ: ಕಸಿ ಗಿಡ ಬೇಗ ಹೂ ಬಿಟ್ಟೀತು, ಬೀಜದ್ದು ವರ್ಷಗಟ್ಟಲೆ ಕಾಯಿಸುತ್ತದೆ. ಮಚ್ಚಿಗೆ ಅಲ್ಲಿ ಕೆಲಸವಿಲ್ಲ.

ಕಡಿಯುವವನನ್ನು ಬೈದು ಫಲವಿಲ್ಲ. ಅವನ ಕೂಲಿಯನ್ನು ನಾವು ಅಳೆಯುವುದೇ ಅಂಗಳದಲ್ಲಿ ಬಿದ್ದ ಸೊಪ್ಪಿನ ರಾಶಿಯಿಂದ. ಈ ಸಲ ಒಣಗಿದ್ದನ್ನಷ್ಟೇ ತೆಗೆಸಿದೆ. ‘ಇಷ್ಟೇನಾ ಸಾರ್?’ ಎಂದು ತೋಳಷ್ಟು ಸೊಪ್ಪನ್ನು ಸಂಕೋಚದಿಂದ ಎತ್ತಿ ತೋರಿಸಿದ. ಪೂರ್ತಿ ದಿನದ ಕೂಲಿ ಕೊಟ್ಟೆ.