ವಾಕ್ಯದೀರ್ಘತೆಯೂ ಕರ್ತೃನಿರ್ಣಯವೂ

ವಾಕ್ಯದೀರ್ಘತೆಯಿಂದ ಕರ್ತೃನಿರ್ಣಯ ಸಾಧ್ಯವೆ ಎಂಬುದನ್ನು ಉಡ್ನಿ ಯೂಲರು 1939ರಲ್ಲಿ ‘ಡಿ ಇಮಿಟೇಷಿಯೋನೆ ಕ್ರಿಸ್ತಿ’ಯ ವಿಷಯದಲ್ಲಿ ಪರೀಕ್ಷಿಸಿದರು. ಆ ದೀರ್ಘತೆಗಳ ಲಾಗರಿದಮ್‌ಗಳು ಸರಿಸುಮಾರು ನಾರ್ಮಲ್ ವಿತರಣೆಯನ್ನು ಅನುಸರಿಸುತ್ತವೆಂದು 1940ರಲ್ಲಿ ಸಿ. ಬಿ. ವಿಲಿಯಮ್ಸರು ಸೂಚಿಸಿದರು. ಇಂದು ಮೂಲ ಎಣಿಕೆ ಕೈಯಲ್ಲಿಲ್ಲದಿದ್ದರೂ, ಸರಾಸರಿ ಮತ್ತು ಮಾನಕ ವಿಚಲನೆಗಳಿಂದಲೇ ‘ಆರ್’ ತಂತ್ರಾಂಶದ ನೆರವಿನಿಂದ ಅಂಥ ವಿತರಣೆಯ ಪ್ರಾಚಲಗಳನ್ನು ಕ್ಷಣಮಾತ್ರದಲ್ಲಿ ಗಣಿಸಬಹುದು. ಸರಾಸರಿ 20 ಪದ, ವಿಚಲನೆ 15 ಎಂದಾದರೆ ಮಧ್ಯಾಂಕ 16 ಎಂದು ಬರುತ್ತದೆ.

ಗಣಿತ ನಿರ್ದುಷ್ಟವಾದುದೇ, ಆದರೆ ಆ 16 ಊಹೆಯ ಫಲವೇ ಹೊರತು ಕೃತಿಯ ಸಾಕ್ಷ್ಯವಲ್ಲ. ಅರ್ಧ ವಾಕ್ಯಗಳು 5 ಪದದವು, ಉಳಿದರ್ಧ 35 ಪದದವು ಆಗಿದ್ದರೂ ಅದೇ 20, ಅದೇ 15. ಅಲ್ಲಿ 16 ಪದಗಳ ವಾಕ್ಯ ಒಂದೂ ಇಲ್ಲ. ಚುಟುಕು ಸಂಭಾಷಣೆಯೂ ದೀರ್ಘ ವರ್ಣನೆಯೂ ಬೆರೆತ ಗ್ರಂಥ ಇದಕ್ಕೆ ಸಮೀಪವೇ. ಎಣಿಕೆಯ ಪಟ್ಟಿಯೊಡನೆ ತಾಳೆನೋಡದೆ ಕರ್ತೃತ್ವವನ್ನು ಸಾರುವುದು, ಓಲೆಯನ್ನೇ ಕಾಣದೆ ಪಾಠನಿರ್ಣಯ ಮಾಡಿದಂತೆ.