ಊರ ಹೆಸರೂ ಒಂದು ಪಾಠ

ಸ್ಥಳನಾಮವೆಂಬುದು ಜನರ ನಾಲಗೆಯ ಮೇಲೆ ಉಳಿದುಬಂದ ಅತಿ ಚಿಕ್ಕ ಗ್ರಂಥ. ತಾಡವೋಲೆಯ ವಚನಕ್ಕೆ ಪಾಠಾಂತರಗಳಿರುವಂತೆ ಅದಕ್ಕೂ ಪಾಠಾಂತರಗಳುಂಟು. ಸಂಪಾದಕನು ತನಗೆ ಒಪ್ಪಿದ ಪಾಠವನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಅಳಿಸಿದರೆ ವಿದ್ವಾಂಸರು ಒಪ್ಪರು. ಊರ ಹೆಸರುಗಳ ವಿಷಯದಲ್ಲಿ ಮಾತ್ರ ಅದೇ ದೋಷವು ಸತ್ಕಾರ್ಯವೆನಿಸಿಕೊಳ್ಳುತ್ತದೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವನ್ನು ನೋಡಬಹುದು. ಮುಂದೆ ತರೀಕೆರೆಯಲ್ಲಿ ನೆಲೆಸಿದ ಪಾಳೆಯಗಾರ ಮನೆತನಕ್ಕೆ ಅದು ಹಿಂದೆ ರಾಜಧಾನಿಯಾಗಿತ್ತು. ಹೆಸರಿನ ಉತ್ತರಪದ ಸ್ಪಷ್ಟ, ತೊಡಕಿರುವುದು ಪೂರ್ವಪದದಲ್ಲಿ. ‘ಬಸವ’ವು ‘ವೃಷಭ’ದ ತದ್ಭವ. ಅದು ಎತ್ತಾಗಬಹುದು, ನಂದಿಯಾಗಬಹುದು, ವ್ಯಕ್ತಿಯೊಬ್ಬನ ಹೆಸರೂ ಆಗಬಹುದು. ಕಲ್ಯಾಣದ ಬಸವಣ್ಣನವರ ನಾಮವೇ ಇದೆಂದು ಭಕ್ತಿಯಿಂದ ನಂಬುವುದು ಸುಲಭ. ಆದರೆ ಶಬ್ದಸಾಮ್ಯವು ಶಾಸನವಲ್ಲ. ಆಧಾರವಿಲ್ಲದ ಊರೊಂದನ್ನು ಸೇರಿಸುವುದರಿಂದ ಬಸವಣ್ಣನವರ ಕೀರ್ತಿ ಹೆಚ್ಚುವುದೂ ಇಲ್ಲ.

ಕಾಗುಣಿತದ ಪ್ರಶ್ನೆಯೂ ಅಲ್ಪವಲ್ಲ. ‘ಬಸವಪಟ್ಟಣ’ವೆಂದು ತಿದ್ದುವವನು ವ್ಯಾಕರಣವನ್ನು ಉಳಿಸಿದೆನೆಂದುಕೊಳ್ಳಬಹುದು, ಆದರೆ ‘ವಾ’ ಎಂಬ ದೀರ್ಘವು ಆಡುವವರ ಸಾಕ್ಷ್ಯ. ಸಂಜ್ಞೆಗಳಿಲ್ಲದ ರೋಮನ್ ಲಿಪಿಯಲ್ಲಿ ಆ ದೀರ್ಘವೂ ಣಕಾರವೂ ಮಾಯವಾಗುತ್ತವೆ, ‘ಹಳ್ಳಿ’ಯು ‘ಹಲ್ಲಿ’ಯಾಗುತ್ತದೆ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ರೂಪಗಳನ್ನು ಸರಕಾರ ತಿದ್ದಿತು, ಅವೆಲ್ಲವೂ ನಗರಗಳೇ.

ಬಿ.ಎಲ್. ರೈಸರು 1902ರಲ್ಲಿ ಹೊನ್ನಾಳಿ, ಚನ್ನಗಿರಿ, ಶಿಕಾರಿಪುರ ಸೀಮೆಗಳ ಶಾಸನಗಳನ್ನು ಪ್ರಕಟಿಸಿದಾಗ ಕನ್ನಡ ಪಾಠವನ್ನೂ ಲಿಪ್ಯಂತರವನ್ನೂ ಜೊತೆಗೂಡಿಸಿದರು. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಳ್ಳಿಗಾವಿಯು ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮೆ, ಬಲಿಪುರ ಎಂದೆಲ್ಲ ಕಾಣಿಸುತ್ತದೆ. ಜನರು ಕರೆದುದು ಹೇಗೆ, ಪಂಡಿತರು ಸಂಸ್ಕೃತಗೊಳಿಸಿದುದು ಹೇಗೆ ಎಂಬುದು ಇವನ್ನು ಒಟ್ಟಿಗಿಟ್ಟಾಗ ಮಾತ್ರ ತಿಳಿಯುತ್ತದೆ. ಶಂ.ಬಾ. ಜೋಶಿಯವರು ಊರ ಹೆಸರುಗಳಿಂದಲೇ ಕನ್ನಡ ನಾಡಿನ ಹಳೆಯ ಮೇರೆಗಳನ್ನು ಅರಸಲು ಸಾಧ್ಯವಾದುದು, ಅವು ತಿದ್ದುಪಡಿಯಿಂದ ತಪ್ಪಿಸಿಕೊಂಡು ಉಳಿದಿದ್ದುದರಿಂದಲೇ.

ಭಕ್ತಿ ಒಂದು ಕಡೆ ಹೆಸರಿಗೆ ಅರ್ಥವನ್ನು ಸೇರಿಸಿದರೆ, ನಾಚಿಕೆ ಇನ್ನೊಂದು ಕಡೆ ಹೆಸರನ್ನೇ ಮರೆಸುತ್ತದೆ. ಬಸವಾಪಟ್ಟಣಕ್ಕೆ ಸಮೀಪದ ಸೂಳೆಕೆರೆಯೇ ಇದಕ್ಕೆ ನಿದರ್ಶನ. ಹರಿದ್ರೆಯೆಂಬ ಹೊಳೆ ಈ ಕೆರೆಯಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಶಾಂತವ್ವೆಯೆಂಬ ರಾಜಪುತ್ರಿ ಕೆರೆಯನ್ನು ಕಟ್ಟಿಸಲು ಮುಂದಾದಾಗ, ನೆಲದ ಒಡತಿಯರಾದ ಗಣಿಕೆಯರು ತಮ್ಮ ಹೆಸರನ್ನೇ ಇಡಬೇಕೆಂಬ ಕರಾರಿನ ಮೇಲೆ ಅದನ್ನು ಬಿಟ್ಟುಕೊಟ್ಟರೆಂಬುದು ಐತಿಹ್ಯ. ಇಂದು ಅದು ಶಾಂತಿಸಾಗರವೆಂದೂ ಕರೆಯಿಸಿಕೊಳ್ಳುತ್ತದೆ. ಹೊಸ ಹೆಸರು ಸುಂದರವೇ. ಆದರೆ ಅದೊಂದೇ ಉಳಿದರೆ ನೆಲ ಕೊಟ್ಟವರೊಡನೆ ಮಾಡಿದ ಕರಾರು ಮುರಿದಂತೆ. ಐತಿಹ್ಯವು ಇತಿಹಾಸವಲ್ಲವೆಂಬುದು ನಿಜ. ಆದರೂ ಹೆಸರನ್ನು ಕಳೆದುಕೊಂಡ ಐತಿಹ್ಯಕ್ಕೆ ನಿಲ್ಲಲು ನೆಲೆಯೇ ಇಲ್ಲ.

ವಚನ ಸಾಹಿತ್ಯವು ಇಂಥ ನಾಚಿಕೆಯನ್ನು ಅರಿಯದು. ಸೂಳೆ ಸಂಕವ್ವೆಯ ಒಂದೇ ವಚನ ದೊರೆತಿದ್ದರೂ ಅವಳ ಹೆಸರನ್ನು ಯಾವ ಸಂಪಾದಕನೂ ತೊಳೆಯಲಿಲ್ಲ. ಅವಳ ಅಂಕಿತವೇ ‘ನಿರ್ಲಜ್ಜೇಶ್ವರ’.

ಆದುದರಿಂದ ಸಂಗ್ರಾಹಕನ ಧರ್ಮ ಸರಳವಾದುದು. ಊರಿನವರ ಉಚ್ಚಾರವನ್ನು ಮೊದಲು ಕನ್ನಡ ಲಿಪಿಯಲ್ಲಿ ಬರೆಯಬೇಕು. ಬಳಿಕ ಶಾಸನದ ರೂಪವನ್ನೂ ಕಡತದ ರೂಪವನ್ನೂ ಇಸವಿಯೊಡನೆ ಕೊಡಬೇಕು. ಐತಿಹ್ಯವನ್ನು ಐತಿಹ್ಯವೆಂದೇ ಬೇರೆಯಾಗಿರಿಸಬೇಕು. ಅರ್ಥ ಹೊಳೆಯದಿದ್ದಲ್ಲಿ ಸ್ಥಳವನ್ನು ಬರಿದೇ ಬಿಡಬೇಕು. ಬರಿದಾದ ಸ್ಥಳವನ್ನು ಮುಂದಿನವರು ತುಂಬಬಲ್ಲರು. ಅಳಿಸಿದ ಅಕ್ಷರವನ್ನು ಮರಳಿ ತರುವವರಿಲ್ಲ.