‘ದಯವಿಟ್ಟು ಹೆಸರು ತುಂಬಿ’

ಪುಣೆ ಹತ್ತಿರದ ಹಿಂಜವಡಿಯ ಆಫೀಸಿನಲ್ಲಿ ಬೇರೆಯವರ ಕೋಡ್ ಓದುವುದೇ ನನ್ನ ಹೊಟ್ಟೆಪಾಡು. ಈಚೆಗೆ ಕೈಗೆ ಬಂದದ್ದು ವಿದ್ಯಾರ್ಥಿವೇತನದ ಒಂದು ಅರ್ಜಿ ಫಾರ್ಮ್, ಸರ್ವರಿನಲ್ಲಿ ಪಿಎಚ್‌ಪಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹುಡುಗರು ಅಂಕಪಟ್ಟಿ, ಜಾತಿಪತ್ರಗಳ ಫೋಟೊಗಳನ್ನು ಒಟ್ಟಿಗೇ ಅಪ್‌ಲೋಡ್ ಮಾಡಬೇಕು. ಒಬ್ಬ ಹುಡುಗ ಎಲ್ಲವನ್ನೂ ತುಂಬಿ ಬಟನ್ ಒತ್ತಿದ್ದಾನೆ. ಬಂದ ಉತ್ತರ: ‘ದಯವಿಟ್ಟು ಹೆಸರು ತುಂಬಿ.’ ಮತ್ತೆ ತುಂಬಿದ, ಮತ್ತೆ ಅದೇ ಉತ್ತರ.

ತಪ್ಪು ಅವನದಲ್ಲ. ಪಿಎಚ್‌ಪಿಯ ಮೂಲ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಫೈಲೊಂದಕ್ಕೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ ಮಿತಿ. ಈಗಿನ ಫೋನಿನ ಮೂರು ಫೋಟೊ ಸೇರಿದರೆ ಎಂಟು ದಾಟೀತು. ದಾಟಿತೋ, ಫೈಲುಗಳ ಜೊತೆಗೆ ಹೆಸರು, ವಿಳಾಸವೂ ಹೋಗಿ ಕೋಡಿನ ಕೈಗೆ ಖಾಲಿ ಅರೇ ಬರುತ್ತದೆ. ಫೈಲುಗಳು 20 ದಾಟಿದರೂ ಅಷ್ಟೇ: ಇಪ್ಪತ್ತೊಂದನೆಯದು ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಎಲ್ಲರೂ ಪಿಎಚ್‌ಪಿಯನ್ನು ಬೈಯುವುದು ಬೇರೆ ಕಾರಣಕ್ಕೆ. ನಾಲ್ಕು ಫೈಲು ಬಂದರೆ ಹೆಸರುಗಳೆಲ್ಲ ಒಂದು ಕಡೆ, ಗಾತ್ರಗಳೆಲ್ಲ ಇನ್ನೊಂದು ಕಡೆ, ದೋಷಸಂಖ್ಯೆಗಳು ಮತ್ತೊಂದು ಕಡೆ. ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕದೆ, ಒಂದು ಎಲೆಗೆ ಎಲ್ಲರ ಅನ್ನ, ಇನ್ನೊಂದಕ್ಕೆ ಎಲ್ಲರ ಸಾರು ಬಡಿಸಿದ ಹಾಗೆ. ನನಗಿದು ಬರೀ ಕಿರಿಕಿರಿ. ಹತ್ತು ಸಾಲಿನ ಲೂಪ್ ಬರೆದರೆ ತೀರಿತು. ಆ ಖಾಲಿ ಅರೇಯ ಮೌನವನ್ನು ಮಾತ್ರ ಕ್ಷಮಿಸಲಾರೆ. ಪಿಎಚ್‌ಪಿ ಬಿಟ್ಟು ಜಾಂಗೊ ಎಂಬ ವೆಬ್ ಫ್ರೇಮ್‌ವರ್ಕ್ ಬಳಸುವವರೂ ಬೀಗಬೇಕಿಲ್ಲ. ಒಂದೇ ಫೀಲ್ಡಿನಲ್ಲಿ ಹಲವು ಫೈಲು ಬಂದರೆ ಅದು ಪರೀಕ್ಷಿಸುತ್ತಿದ್ದದ್ದು ಕೊನೆಯದೊಂದನ್ನೇ. ತಿದ್ದುಪಡಿ ಬಂದದ್ದು 2023ರ ಮೇ ತಿಂಗಳಲ್ಲಿ. ಒಂದು ಫೀಲ್ಡಿಗೆ ಹಲವು ಫೈಲು ಎಂಬ ಯೋಚನೆಯೋ ಫಾರ್ಮಿನಿಂದ ಫೈಲು ಕಳಿಸುವ ಬಗೆಯನ್ನು ವಿವರಿಸಿದ 1995ರ ದಾಖಲೆ ಆರ್‌ಎಫ್‌ಸಿ 1867ರಲ್ಲೇ ಇತ್ತು.

ಇನ್ನು ಕೋಡ್ ಬರೆದವರ ಪಾಲು. ಫೈಲಿನ ಹೆಸರು ‘ಶುದ್ಧ’ ಮಾಡಲೆಂದು ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಬಿಟ್ಟು ಉಳಿದ ಪ್ರತಿ ಬೈಟನ್ನೂ ಅಡಿಗೆರೆ ಮಾಡಿದ್ದಾರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಅಂಕಪಟ್ಟಿ’ಯಲ್ಲಿ ಎಂಟು ಸಂಕೇತ, ‘ಜಾತಿಪತ್ರ’ದಲ್ಲೂ ಎಂಟು. ಎರಡೂ 24 ಅಡಿಗೆರೆಗಳಾದವು; ಎರಡನೆಯದು ಬಂದು ಮೊದಲನೆಯದರ ಮೇಲೆ ಕೂತಿತು, ಅಂಕಪಟ್ಟಿ ಮಾಯ. ದೇವನಾಗರಿಗೂ ಇದೇ ಗತಿ. ಬರೆದವರು ಮರಾಠಿಯವರೇ ಎನ್ನುವುದು ತಮಾಷೆ.

ಸರ್ವರಿನಲ್ಲಿ ಫೈಲಿಗೆ ನಾವೇ ಹೊಸ ಹೆಸರಿಟ್ಟು, ಹುಡುಗ ಕೊಟ್ಟ ಹೆಸರನ್ನು ಡೇಟಾಬೇಸಿನಲ್ಲಿ ಉಳಿಸಬೇಕು ಎಂದು ಬರೆದು ಕೋಡನ್ನು ವಾಪಸು ಕಳಿಸಿದ್ದೇನೆ. ಇಂಥ ಫಾರ್ಮ್ ಬರೆಯುವವರು ಅದನ್ನು ಜನರ ಕೈಗೆ ಕೊಡುವ ಮೊದಲು ‘ಅಂಕಪಟ್ಟಿ’ ಎಂಬ ಹೆಸರಿನ 9 ಎಂಬಿಯ ಒಂದು ಫೋಟೊ ಹಾಕಿ ನೋಡಿ.